ಬಟ್ಟೆ ಜೊತೆ ದುಡ್ಡೂ ಕೊಡಿ

ಹಬ್ಬ ಹತ್ತಿರ ಬಂದರೆ ಸಾಕು, ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ "ಹಳೆ ಬಟ್ಟೆ ಎಲ್ಲಿ ತಗೊಳ್ತಾರೆ?" ಅಂತ ಮೆಸೇಜು ಶುರು. ಬೀರುವೂ ಖಾಲಿಯಾಗಬೇಕು, ಪುಣ್ಯವೂ ಬರಬೇಕು. ಆ ಮೂಟೆ ಆಮೇಲೆ ಯಾರ ತಲೆನೋವು ಅಂತ ಯಾರೂ ಕೇಳುವುದಿಲ್ಲ.

ಹಳೆ ಬಟ್ಟೆ ತಗೊಂಡು ಬೇಕಾದವರಿಗೆ ತಲುಪಿಸುವ ಗೂಂಜ್ ಸಂಸ್ಥೆಯನ್ನೇ ನೋಡಿ. 1999ರಲ್ಲಿ ಅಂಶು ಗುಪ್ತಾ ದೆಹಲಿಯಲ್ಲಿ ಶುರು ಮಾಡಿದ್ದು, ಬೆಂಗಳೂರಿನಲ್ಲೂ ಇದೆ. ಬಂದ ಮೂಟೆ ಬಿಚ್ಚಿ ಒಂದೊಂದನ್ನೂ ಕೈಯಲ್ಲೇ ವಿಂಗಡಿಸಬೇಕು. ಲಾಡಿ ಇಲ್ಲದ ಪೈಜಾಮ, ಗುಂಡಿ ಕಿತ್ತ ಅಂಗಿ, ಜಿಪ್ಪು ಕೆಟ್ಟ ಪ್ಯಾಂಟು. ಲಾಡಿ ಪೋಣಿಸಿದರೆ ಯಾರಾದರೂ ಹಾಕಿಕೊಳ್ತಾರೆ, ಇಲ್ಲದಿದ್ದರೆ ಅದು ಚಿಂದಿ. ಉಡಲಾಗದ ಹತ್ತಿ ಬಟ್ಟೆ ಒಗೆದು ಮುಟ್ಟಿನ ಪ್ಯಾಡ್ ಮಾಡುತ್ತಾರೆ. ಹಳೆ ಜೀನ್ಸ್ ಶಾಲೆ ಚೀಲವಾಗುತ್ತದೆ. ಚೂರುಪಾರು ಸೇರಿಸಿ ಸುಜನಿ ಹೊಲಿಯುತ್ತಾರೆ, ನಮ್ಮ ಕೌದಿ ಥರದ್ದೇ. ಪಾಲಿಯೆಸ್ಟರ್ ಬಂದರೆ ಪ್ಯಾಡಿಗಂತೂ ಆಗುವುದಿಲ್ಲ.

2004ರ ಸುನಾಮಿ ಆದಾಗ ತಮಿಳುನಾಡಿನ ಕರಾವಳಿಗೆ ದೇಶದ ಮೂಲೆಮೂಲೆಯಿಂದ ಹಳೆ ಬಟ್ಟೆ ಬಂದು ಬಿತ್ತು. ಎಷ್ಟೋ ಬಟ್ಟೆಯನ್ನು ಯಾರೂ ಮುಟ್ಟಲಿಲ್ಲ, ರಸ್ತೆ ಬದಿಯಲ್ಲೇ ರಾಶಿ. ಆ ರಾಶಿಯನ್ನೂ ಗೂಂಜ್‌ನವರೇ ವಿಂಗಡಿಸಬೇಕಾಯಿತು.

ಹೊರದೇಶದ ಕಥೆಯೂ ಬೇರೆಯಲ್ಲ, ದಾರಿ ಉದ್ದ ಅಷ್ಟೇ. ದಾನ ಬಂದ ಬಟ್ಟೆ ಮಾರುವ ಬ್ರಿಟನ್ನಿನ ಚಾರಿಟಿ ಅಂಗಡಿಗಳು ಮಾರಾಟವಾಗದ್ದನ್ನು ಕಿಲೋ ಲೆಕ್ಕದಲ್ಲಿ ವ್ಯಾಪಾರಿಗಳಿಗೆ ಕೊಡುತ್ತವೆ. ಅದು ಬೇಲ್, ಅಂದರೆ ಬಿಗಿದು ಕಟ್ಟಿದ ದೊಡ್ಡ ಮೂಟೆ ಆಗಿ ಘಾನಾದ ಕಾಂತಮಾಂತೊ ಮಾರುಕಟ್ಟೆವರೆಗೂ ಹೋಗುತ್ತದೆ. ಅಲ್ಲಿ ಅಂಗಡಿ ಇಟ್ಟಾಕೆ ಬೇಲ್ ಬಿಚ್ಚಿ ನೋಡದೆ, ಎಷ್ಟೋ ಸಲ ಸಾಲ ಮಾಡಿ ಕೊಳ್ಳಬೇಕು. ಒಳಗೆ ಹರಿದದ್ದೇ ಸಿಕ್ಕರೆ ನಷ್ಟ ಆ ಅಂಗಡಿಯಾಕೆಗೆ. ಕೊಟ್ಟವರು ಲಂಡನ್ನಿನಲ್ಲಿ ನೆಮ್ಮದಿಯಾಗಿರುತ್ತಾರೆ. ಹಳೆ ಉಣ್ಣೆ ನಮ್ಮ ಪಾನಿಪತ್‌ಗೆ ಬರುತ್ತದೆ, ಹಿಂಜಿ ನೂಲು ತೆಗೆದು ಕಂಬಳಿ ಮಾಡುತ್ತಾರೆ.

ಹಳೆ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವ ಹೆಂಗಸರು ಓಣಿಗೆ ಬರುತ್ತಿದ್ದರಲ್ಲ, ನೆನಪಿದೆಯಾ? ಸೀರೆಯನ್ನು ಬೆಳಕಿಗೆ ಹಿಡಿದು, ಸೆರಗು ಎಳೆದು ನೋಡಿ, "ಇದು ಪಿಸಿದೈತೆ ಅಕ್ಕಾ, ಬ್ಯಾಡ" ಅಂತ ಮುಖಕ್ಕೆ ಹೇಳಿ ವಾಪಸ್ ಕೊಡುತ್ತಿದ್ದರು. ಸಂಸ್ಥೆಗಳಿಗೆ ಇಲ್ಲದಿರುವುದು ಆ ಧೈರ್ಯ. ಬೇಡ ಅಂದರೆ ದಾನಿಗೆ ಬೇಜಾರು, ಮುಂದಿನ ಸಲ ಚೆಕ್ಕೂ ಬರಲಿಕ್ಕಿಲ್ಲ ಅನ್ನೋ ಭಯ. ಹಾಗಾಗಿ ಎಲ್ಲ ತಗೊಂಡು, ಕಸ ಸಾಗಿಸುವ ಖರ್ಚನ್ನೂ ತಾವೇ ಹೊರುತ್ತಾರೆ.

ನನ್ನ ಪ್ರಕಾರ ಕಿಲೋಗೆ ಇಷ್ಟು ಅಂತ ಕೊಡುವವರಿಂದಲೇ ದುಡ್ಡು ವಸೂಲಿ ಮಾಡಬೇಕು. ಲಾರಿ ಬಾಡಿಗೆ, ಗೋಡೌನು, ವಿಂಗಡಿಸುವವರ ಸಂಬಳ ಎಲ್ಲಿಂದ ಬರಬೇಕು ಹೇಳಿ? ಈ ಮಾತು ಗ್ರೂಪಿನಲ್ಲಿ ಹಾಕಿದ್ದಕ್ಕೆ ಒಬ್ಬರು "ಬಟ್ಟೇನೂ ಕೊಟ್ಟು ದುಡ್ಡೂ ಕೊಡಬೇಕಾ?" ಅಂತ ನಗುವ ಇಮೋಜಿ ಹಾಕಿದ್ದಾರೆ. ಕೊಡಬೇಕು ಸಾರ್. ಜೊತೆಗೆ ಒಗೆದು, ಲಾಡಿ ಹಾಕಿ ಕೊಡಬೇಕು.