ಅಪ್ಪನ ಹಾಲಿನ ಲೆಕ್ಕ

ಅಮೆರಿಕದಲ್ಲಿ ನಾನಿರುವ ಊರಿನ ಹೆಸರಲ್ಲೊಂದು ಇಂಜೆಕ್ಷನ್ ಇದೆ: ಪಿಟ್ಸ್‌ಬರ್ಗ್ ಕಾಂಪೌಂಡ್ ಬಿ. ಇಲ್ಲಿನ ವಿಶ್ವವಿದ್ಯಾಲಯದ ವಿಲಿಯಂ ಕ್ಲಂಕ್, ಚೆಸ್ಟರ್ ಮ್ಯಾಥಿಸ್ ಸೇರಿ ರೂಪಿಸಿದ್ದು. ಮರೆಗುಳಿತನ ತರುವ ಆಲ್ಜೈಮರ್ ಕಾಯಿಲೆಯಲ್ಲಿ ಮಿದುಳಿನೊಳಗೆ ಕಟ್ಟಿಕೊಳ್ಳುವ ಅಮಿಲಾಯ್ಡ್ ಎಂಬ ಪ್ರೋಟೀನಿನ ಗಸಿಗೆ ಹೋಗಿ ಅಂಟುತ್ತದೆ, ಮೈಯೊಳಗೆ ಬಿಟ್ಟ ವಿಕಿರಣದ ಗುರುತನ್ನು ಹಿಡಿಯುವ ಪೆಟ್ ಸ್ಕ್ಯಾನಿನಲ್ಲಿ ಆ ಜಾಗ ಬೆಳಗುತ್ತದೆ. 2002ರಲ್ಲಿ ಸ್ವೀಡನ್ನಿನಲ್ಲಿ ಮೊದಲ ಸಲ ರೋಗಿಗೆ ಕೊಟ್ಟರು. ಅಲ್ಲಿಯವರೆಗೆ ಈ ಗಸಿ ನೋಡಬೇಕೆಂದರೆ ಸಾಮಾನ್ಯವಾಗಿ ಮನುಷ್ಯ ಸಾಯಬೇಕಿತ್ತು.

ಪಕ್ಕದ ಮನೆಯ ಅಜ್ಜಿ ಸಂಶೋಧನೆಗೆಂದು ತಾವಾಗಿಯೇ ಹೋಗಿ ಸ್ಕ್ಯಾನ್ ಮಾಡಿಸಿಕೊಂಡರು. ಗಸಿ ಇದೆ ಎಂದು ಬಂತು. ನನ್ನ ಮಗಳ ಹುಟ್ಟುಹಬ್ಬವನ್ನು ನನಗೇ ನೆನಪಿಸುವ ಹೆಂಗಸು! ಗಸಿ ಇದ್ದವರಲ್ಲಿ ಎಷ್ಟೋ ಜನ ಮರೆಗುಳಿತನವೇ ಇಲ್ಲದೆ ಬಾಳಿ ಹೋಗುತ್ತಾರೆ. ಆದರೂ ಈಗ ಕಾರಿನ ಕೀ ಸಿಗದಿದ್ದರೆ ಸಾಕು, ಅವರ ಮುಖ ಬಿಳಿಚಿಕೊಳ್ಳುತ್ತದೆ.

ಚಿಂತಾಮಣಿಯ ನಮ್ಮ ಮನೆಯದು ಇದಕ್ಕೆ ತಿರುಗುಮುರುಗು. ಅಪ್ಪ ಮಾತಿನ ಮಧ್ಯೆ ತಡವರಿಸಿದರೆ, 'ಅರವತ್ತಕ್ಕೆ ಅರಳು ಮರಳು' ಎಂದು ನಗುತ್ತಿದ್ದೆವು. ಬ್ಯಾಂಕಿಗೆ ತಮ್ಮ, ಅಂಗಡಿಗೆ ನಾದಿನಿ, ಮಾತ್ರೆಗೆ ಅಮ್ಮ. ತುಂಬಿದ ಮನೆಯಲ್ಲಿ ಮರೆವು ಸುಖವಾಗಿ ಅಡಗಿ ಕೂರುತ್ತದೆ. ಒಂಟಿಯಾಗಿರುವ ಈ ಅಜ್ಜಿ ಒಂದು ಕರೆಂಟ್ ಬಿಲ್ ಕಟ್ಟದಿದ್ದರೂ ಯಾರಾದರೂ ಫೋನ್ ಮಾಡುತ್ತಾರೆ.

ಚಿಂತಾಮಣಿಗೆ ಹತ್ತಿರದ ಶ್ರೀನಿವಾಸಪುರದಲ್ಲಿ, ಆ ಮಾವಿನ ತೋಟಗಳ ನಡುವೆ, ನನಗೆ ಹಿಡಿಸಿದ ಕೆಲಸವೊಂದು ನಡೆಯುತ್ತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಸೆಂಟರ್ ಫಾರ್ ಬ್ರೈನ್ ರಿಸರ್ಚ್‌ನವರು 45 ದಾಟಿದ ಹಳ್ಳಿಗರನ್ನು ವರ್ಷಾನುಗಟ್ಟಲೆ ಹಿಂಬಾಲಿಸಿ ನೋಡುತ್ತಿದ್ದಾರೆ. ರಕ್ತ ಪರೀಕ್ಷೆ, ನೆನಪಿನ ಪರೀಕ್ಷೆ, ಎಂಆರ್‌ಐ ಎಲ್ಲವೂ ಇದೆ. ಚೆಕಪ್ ಪ್ಯಾಕೇಜಿನಲ್ಲಿ ಒಂದೇ ಸಲ ತೆಗೆಸುವ ಮಿದುಳಿನ ಫಿಲಂಗಿಂತ ಇದು ಎಷ್ಟೋ ಮೇಲು ಎಂಬುದು ನನ್ನ ಹಟ. ನೆನಪಿನ ಕೆಲಸ ಮಾಡುವ ಹಿಪ್ಪೊಕ್ಯಾಂಪಸ್ ಚಿಕ್ಕದಾಗಿ ಕಂಡರೆ, ಅದು ಮೊದಲಿಂದಲೂ ಅಷ್ಟೇ ಇತ್ತೋ ಸವೆದು ಹೋಯಿತೋ? ಅದೇ ಮನುಷ್ಯನ ಹಳೆಯ ಚಿತ್ರ ಪಕ್ಕದಲ್ಲಿಟ್ಟರೆ ತಾನೇ ತಿಳಿಯುವುದು.

ಅಪ್ಪನಿಗೆ 78ಕ್ಕೆ ಎಂಆರ್‌ಐ ಮಾಡಿಸಿದಾಗ ಡಾಕ್ಟರು ಕೇಳಿದ್ದೂ ಅದನ್ನೇ: "ಹಳೇದೇನಾದ್ರೂ ಇದೆಯೇನಮ್ಮಾ?" ಅಮ್ಮ ಬೀರುವಿನಿಂದ ತಂದ ಚೀಲದಲ್ಲಿ ಮಂಡಿಯ ಎಕ್ಸ್‌ರೇ, ಕಣ್ಣಿನ ಆಪರೇಷನ್ ಚೀಟಿ, ತಳದಲ್ಲಿ ಅಪ್ಪ ದಿನವೂ ಬರೆಯುತ್ತಿದ್ದ ಲೆಕ್ಕದ ಪುಸ್ತಕ. ನಾನು ಸುಮ್ಮನೆ ಹಾಳೆ ತಿರುವಿದೆ. ಮೂರು ವರ್ಷದ ಹಿಂದೆಯೇ, ಒಂದೇ ತಿಂಗಳಲ್ಲಿ ಹಾಲಿನವನ ದುಡ್ಡು ಎರಡು ಸಲ ಬರೆದಿತ್ತು. ಮುಂದಿನ ತಿಂಗಳೂ ಹಾಗೇ. ಎರಡನೆಯದರ ಮೇಲೆಲ್ಲ ಅಮ್ಮ ಪೆನ್ಸಿಲಿನಲ್ಲಿ ಮೆಲ್ಲಗೆ ಗೀಟು ಎಳೆದಿದ್ದಳು.