ಹೊರಗೆ ನಿಂತವನಿಗೂ ಕೊಲೆಯ ಶಿಕ್ಷೆಯೇ?

ಐದಾರು ಜನ ಸೇರಿ ದರೋಡೆಗೆ ಹೋಗುತ್ತಾರೆ. ಒಬ್ಬ ಮನೆಯ ಯಜಮಾನನನ್ನು ಕೊಲ್ಲುತ್ತಾನೆ. ಉಳಿದವರು ಬೀರು ಒಡೆಯುತ್ತಿದ್ದರು, ಒಬ್ಬ ಗೇಟಿನ ಬಳಿ ಇದ್ದ. ನಮ್ಮ ಕಾನೂನು ಅವರಷ್ಟೂ ಜನರಿಗೆ ಮರಣದಂಡನೆಯವರೆಗೂ ಶಿಕ್ಷೆ ಕೊಡಬಹುದು ಎನ್ನುತ್ತದೆ. 1860ರ ದಂಡ ಸಂಹಿತೆಯಲ್ಲಿ ಇದು 396ನೇ ಕಲಂ ಆಗಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ 310ನೇ ಕಲಮಿನ ಮೂರನೇ ಉಪಕಲಂ. ಇದು ಸರಿಯೇ?

ಪರ: ಕಾವಲು ನಿಲ್ಲುವುದೂ ಕೆಲಸವೇ

1923ರ ಆಗಸ್ಟ್ 3. ಕಲ್ಕತ್ತಾದ ಶಂಕರಿತೋಲಾ ಅಂಚೆ ಕಚೇರಿಯ ಹಿಂದಿನ ಕೋಣೆಯಲ್ಲಿ ಪೋಸ್ಟ್‌ಮಾಸ್ಟರರು ದುಡ್ಡು ಎಣಿಸುತ್ತ ಕೂತಿದ್ದರು. ಅಂಗಳದ ಕಡೆಯ ಬಾಗಿಲಲ್ಲಿ ಕೆಲವರು ಕಾಣಿಸಿಕೊಂಡು ಹಣ ಕೇಳಿದರು, ಕೇಳಿದ ಬೆನ್ನಿಗೇ ಪಿಸ್ತೂಲು ಹಾರಿಸಿದರು. ಒಂದು ಗುಂಡು ಕೈಗೆ, ಇನ್ನೊಂದು ಕಂಕುಳ ಹತ್ತಿರ. ಪೋಸ್ಟ್‌ಮಾಸ್ಟರರು ಹೆಚ್ಚು ಹೊತ್ತು ಬದುಕಲಿಲ್ಲ. ಬಂದವರು ಒಂದು ಕಾಸೂ ಮುಟ್ಟದೆ ದಿಕ್ಕಾಪಾಲಾಗಿ ಓಡಿದರು. ಅಂಚೆ ಕಚೇರಿಯವರು ಬೆನ್ನಟ್ಟಿ ಒಬ್ಬನನ್ನು ಹಿಡಿದಾಗ ಅವನ ಕೈಯಲ್ಲಿ ಪಿಸ್ತೂಲು ಇತ್ತು. ಅವನೇ ಬರೇಂದ್ರ ಕುಮಾರ್ ಘೋಷ್. ನಾನು ಒಳಗೇ ಹೋಗಿಲ್ಲ, ಅಂಗಳದಲ್ಲಿದ್ದೆ, ಹೆದರಿ ನಡುಗುತ್ತಿದ್ದೆ ಎಂಬುದು ಅವನ ವಾದ.

ಆಗ ಭಾರತದ ಮೇಲ್ಮನವಿಗಳಿಗೆ ಕೊನೆಯ ನ್ಯಾಯಾಲಯವಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ 1924ರಲ್ಲಿ ಇದನ್ನು ಒಪ್ಪಲಿಲ್ಲ. ತೀರ್ಪು ಬರೆದ ಲಾರ್ಡ್ ಸಮ್ನರ್, ಬರಿದೇ ಕಾದು ನಿಂತವರೂ ಸೇವೆ ಸಲ್ಲಿಸಿದವರೇ ಎಂಬ ಅರ್ಥದ ಹಳೆಯ ಕವಿವಾಣಿಯೊಂದನ್ನು ಅದರಲ್ಲಿ ಸೇರಿಸಿದರು. ದೇವರ ಸೇವೆಯ ಬಗ್ಗೆ ಹುಟ್ಟಿದ ಮಾತು ದರೋಡೆಗೆ ಅನ್ವಯವಾದದ್ದು ವಿಚಿತ್ರವೇ, ಆದರೆ ಅದು ಅಲ್ಲಿ ಚೆನ್ನಾಗಿ ಕೂತಿದೆ.

ಏಕೆಂದರೆ ದರೋಡೆ ಒಬ್ಬನ ಕೆಲಸವಲ್ಲ. ಮನೆ ತೋರಿಸುವವ ಒಬ್ಬ, ಬೀದಿ ಕಾಯುವವ ಒಬ್ಬ, ಗಾಡಿ ಸ್ಟಾರ್ಟ್ ಮಾಡಿಟ್ಟುಕೊಂಡವ ಇನ್ನೊಬ್ಬ. ಹೊರಗೆ ಕಾವಲಿದೆ ಎಂಬ ಧೈರ್ಯದ ಮೇಲೆಯೇ ಒಳಗಿನವನು ಮಚ್ಚು ಎತ್ತುವುದು. ‘ದರೋಡೆಗೆ ಹೊಂಚು: ಐವರ ಬಂಧನ’ ಎಂಬ ಸುದ್ದಿಯನ್ನು ನಾವು ಎಷ್ಟು ಸಲ ಓದಿಲ್ಲ? ವಶಪಡಿಸಿಕೊಂಡ ವಸ್ತುಗಳ ಪಟ್ಟಿ ಹೆಚ್ಚುಕಡಿಮೆ ಒಂದೇ: ಲಾಂಗು, ಕಬ್ಬಿಣದ ರಾಡು, ಹಗ್ಗ, ಖಾರದ ಪುಡಿ. ಅಂಥ ಗಾಡಿಯಲ್ಲಿ ಕೂತು ಹೋದವನು ‘ರಕ್ತ ಹರಿಯುತ್ತದೆಂದು ಗೊತ್ತಿರಲಿಲ್ಲ’ ಎಂದರೆ ಯಾರು ನಂಬಬೇಕು?

ಇನ್ನೊಂದು ಕಷ್ಟ ಸಾಕ್ಷ್ಯದ್ದು. ನಡುರಾತ್ರಿ, ಮುಖಕ್ಕೆ ಬಟ್ಟೆ, ಆರಿದ ದೀಪ. ಮೊದಲ ಏಟು ಯಾರದೆಂದು ಗಂಡನನ್ನು ಕಳೆದುಕೊಂಡ ಹೆಂಗಸು ಹೇಗೆ ಹೇಳಿಯಾಳು? ಪ್ರತಿಯೊಬ್ಬನ ಏಟನ್ನೂ ಬೇರೆ ಬೇರೆ ರುಜುಪಡಿಸಿ ಎಂದರೆ ಐದು ಜನವೂ ‘ನಾನಲ್ಲ, ಅವನು’ ಎಂದು ಬೆರಳು ತೋರಿಸಿ ಹೊರಬರುತ್ತಾರೆ. ಗುಂಪು ಕಟ್ಟಿದ್ದೇ ರಕ್ಷಾಕವಚವಾಗುತ್ತದೆ.

ಹಾಗೆಂದು ಕಾನೂನು ಎಲ್ಲರನ್ನೂ ಗಲ್ಲಿಗೇರಿಸಿ ಎಂದೂ ಹೇಳಿಲ್ಲ. ಮರಣದಂಡನೆ, ಜೀವಾವಧಿ, ಕಠಿಣ ಸೆರೆವಾಸ ಎಂಬ ಮೂರು ಮೆಟ್ಟಿಲು ಇಟ್ಟಿದೆ. ಯಾರು ಯಾವ ಮೆಟ್ಟಿಲಿನವರು ಎಂದು ನ್ಯಾಯಾಧೀಶರು ಆರಿಸುತ್ತಾರೆ. ತಪ್ಪಿತಸ್ಥ ಹೌದೋ ಅಲ್ಲವೋ ಎಂಬ ಪ್ರಶ್ನೆಗೆ ಉತ್ತರ ಎಲ್ಲರಿಗೂ ಒಂದೇ, ಎಷ್ಟು ಶಿಕ್ಷೆ ಎಂಬುದು ಅವರವರಿಗೆ ಬೇರೆ. ಇದರಲ್ಲಿ ಅನ್ಯಾಯ ಎಲ್ಲಿದೆ?

ವಿರೋಧ: ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಮೊದಲು ಆ ಮೂರು ಮೆಟ್ಟಿಲುಗಳ ವಿಚಾರ. ಹಳೆಯ 396ರಲ್ಲಿ ಕೊನೆಯ ಮೆಟ್ಟಿಲು ‘ಹತ್ತು ವರ್ಷದವರೆಗೆ’ ಎಂದಿತ್ತು. ಗೇಟಿನ ಬಳಿ ನಿಂತಿದ್ದ ಹುಡುಗನಿಗೆ ನಾಲ್ಕೋ ಐದೋ ವರ್ಷ ಸಾಕು ಎಂದು ನ್ಯಾಯಾಧೀಶರಿಗೆ ಅನ್ನಿಸಿದರೆ ಕೊಡಬಹುದಿತ್ತು. ಹೊಸ ಸಂಹಿತೆ ಅದನ್ನು ‘ಹತ್ತು ವರ್ಷಕ್ಕೆ ಕಡಿಮೆಯಿಲ್ಲದ’ ಎಂದು ತಿರುಗಿಸಿತು. ಗರಿಷ್ಠವಾಗಿದ್ದದ್ದು ಕನಿಷ್ಠವಾಯಿತು. ತೂಗಿ ನೋಡುವ ಅಧಿಕಾರ ನ್ಯಾಯಾಧೀಶರಿಗಿದೆ ಎಂಬ ಸಮಾಧಾನದಲ್ಲಿ ಅರ್ಧ ಅಲ್ಲಿಗೇ ಹೋಯಿತು.

ಬರೇಂದ್ರನ ಪ್ರಕರಣವನ್ನು ಈ ಕಲಮಿಗೆ ಸಮರ್ಥನೆಯಾಗಿ ತರುವುದೂ ಸರಿಯಲ್ಲ. ಆ ತೀರ್ಪು ನಿಂತದ್ದು 34ನೇ ಕಲಮಿನ ಮೇಲೆ, ಅಂದರೆ ಎಲ್ಲರದೂ ಕೂಡಿದ ಒಂದು ಉದ್ದೇಶವಿತ್ತು ಎಂಬುದರ ಮೇಲೆ. ಅದನ್ನು ಸರ್ಕಾರ ರುಜುಪಡಿಸಬೇಕು. ಒಂದೇ ಬಗೆಯ ಉದ್ದೇಶ ಇಬ್ಬರಲ್ಲಿ ಬೇರೆ ಬೇರೆಯಾಗಿ ಇದ್ದರೆ ಸಾಲದು, ಮುಂಚೆಯೇ ಮನಸ್ಸು ಕೂಡಿರಬೇಕು ಎಂದು 1945ರ ಮಹಬೂಬ್ ಶಾ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್ಲೇ ಗೆರೆ ಎಳೆಯಿತು. ಐದು ಅಥವಾ ಅದಕ್ಕಿಂತ ಹೆಚ್ಚು ಜನ ಸೇರಿ ಮಾಡುವ ಸುಲಿಗೆಯನ್ನು ಕಾನೂನು ಡಕಾಯಿತಿ ಎನ್ನುತ್ತದೆ. ನಾವು ಮಾತಾಡುತ್ತಿರುವ ಈ ಡಕಾಯಿತಿಯ ಕಲಮಿನಲ್ಲಿ ಆ ಗೆರೆಯೇ ಇಲ್ಲ. ಐದು ಜನ ಸೇರಿ ಡಕಾಯಿತಿ ನಡೆಸಿದರು, ಅದರಲ್ಲಿ ಒಬ್ಬ ಕೊಂದ, ಇಷ್ಟಾದರೆ ಮುಗಿಯಿತು. ಕೊಲ್ಲಬೇಡ ಎಂದು ಕೈ ಹಿಡಿದವನೂ, ಕೊಲೆ ನಡೆದದ್ದೇ ತಿಳಿಯದ ಡ್ರೈವರನೂ ಅದೇ ಬಲೆಯೊಳಗೆ.

ಮತ್ತೆ ಈ ‘ಐದು’ ಎಲ್ಲಿಂದ ಬಂತು? 2025ರ ಜನವರಿ 16ರಂದು ಬೀದರಿನಲ್ಲಿ ಎಟಿಎಂಗೆ ಹಣ ತುಂಬಲು ಹೊರಟಿದ್ದ ಸಿಬ್ಬಂದಿಯ ಮೇಲೆ ಬೈಕಿನಲ್ಲಿ ಬಂದ ಇಬ್ಬರು ಹಾಡಹಗಲೇ ಗುಂಡು ಹಾರಿಸಿ, ಹಣದ ಪೆಟ್ಟಿಗೆ ಹೊತ್ತೊಯ್ದರು. ಸಿಬ್ಬಂದಿಯೊಬ್ಬರು ಜೀವ ಕಳೆದುಕೊಂಡರು. ಇಡೀ ರಾಜ್ಯ ಬೆಚ್ಚಿದ ಕೃತ್ಯ ಅದು. ಆದರೆ ಇಬ್ಬರೇ ಮಾಡಿದ್ದು ಎಷ್ಟೇ ಕ್ರೂರವಾಗಿದ್ದರೂ ಕಾನೂನಿನ ಲೆಕ್ಕದಲ್ಲಿ ಸುಲಿಗೆ, ಡಕಾಯಿತಿಯಲ್ಲ. ಗುಂಡು ಹಾರಿಸದವನನ್ನು ಕೊಲೆಗೆ ಹೊಣೆ ಮಾಡಬೇಕಾದರೆ ಕೂಡಿದ ಉದ್ದೇಶವನ್ನು ತೋರಿಸಲೇಬೇಕು. ಈಗ ನಾಲ್ವರು ಪಳಗಿದ ಕಳ್ಳರನ್ನು ಕಲ್ಪಿಸಿಕೊಳ್ಳಿ. ಅವರಿಗೂ ಇದೇ ಪರೀಕ್ಷೆ. ಬೀದಿ ಕಾಯಲೆಂದು ಹತ್ತೊಂಬತ್ತರ ಹುಡುಗನೊಬ್ಬನನ್ನು ಜತೆಗೆ ಕರೆದೊಯ್ದರೋ, ಪರೀಕ್ಷೆಯೇ ರದ್ದು. ಎಲ್ಲರಿಗಿಂತ ಕಡಿಮೆ ತಪ್ಪಿನವನು ಬಂದು ಸೇರಿದ್ದರಿಂದಲೇ ಅವನ ತಲೆಯ ಮೇಲೂ ಗಲ್ಲಿನ ನೆರಳು. ಠಗ್ಗರು, ಪಿಂಡಾರಿಗಳ ಭಯ ಹಸಿಯಾಗಿದ್ದ ಕಾಲದ ಲೆಕ್ಕ ಇದು ಎಂದು ನನಗನ್ನಿಸುತ್ತದೆ.

ಈ ದಂಡ ಸಂಹಿತೆಯನ್ನು ನಮಗೆ ಬರೆದುಕೊಟ್ಟ ಇಂಗ್ಲೆಂಡು, ಇನ್ನೊಂದು ಅಪರಾಧದ ನಡುವೆ ಸಾವಾದರೆ ಅದನ್ನು ತಾನಾಗಿಯೇ ಕೊಲೆ ಎಂದೆಣಿಸುವ ಪದ್ಧತಿಯನ್ನು 1957ರಲ್ಲಿ ಕೈಬಿಟ್ಟಿತು. 2016ರ ಜೋಗಿ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಗಿ, ಜತೆಗಾರ ಕೊಂದಾನು ಎಂದು ಊಹಿಸಿದ್ದಷ್ಟೇ ಉದ್ದೇಶಕ್ಕೆ ಸಮನಲ್ಲ, ಮೂವತ್ತು ವರ್ಷ ನಾವೇ ತಪ್ಪು ದಾರಿ ಹಿಡಿದಿದ್ದೆವು ಎಂದು ಒಪ್ಪಿಕೊಂಡಿತು. ಅಮೆರಿಕದ ಫ್ಲಾರಿಡಾದಲ್ಲಿ ವೃದ್ಧ ದಂಪತಿಯನ್ನು ದೋಚಿ ಕೊಂದವರಿಗಾಗಿ ಕಾರಿನಲ್ಲಿ ಕಾದಿದ್ದ ಎನ್ಮಂಡ್‌ಗೆ ವಿಧಿಸಿದ್ದ ಮರಣದಂಡನೆಯನ್ನು ಅಲ್ಲಿನ ಸುಪ್ರೀಂ ಕೋರ್ಟ್ 1982ರಲ್ಲಿ ತೆಗೆದುಹಾಕಿತು: ಅವನು ಕೊಂದಿರಲಿಲ್ಲ, ಕೊಲ್ಲಲು ಬಯಸಿಯೂ ಇರಲಿಲ್ಲ.

ಸಾಕ್ಷ್ಯ ಕಷ್ಟ ಎಂಬುದು ನಿಜ, ಆ ಹೆಂಗಸಿನ ಸಂಕಟವೂ ನಿಜ. ಆದರೆ ಅದಕ್ಕೆ ಪರಿಹಾರ ದಂಡ ಸಂಹಿತೆಯ ಒಳಗೇ ಇತ್ತು. 111ನೇ ಕಲಮಿನ ಒಂದು ಉದಾಹರಣೆಯಲ್ಲಿ ಒಬ್ಬ ಇಬ್ಬರಿಗೆ ಆಯುಧ ಕೊಟ್ಟು ನಡುರಾತ್ರಿ ಜನವಿರುವ ಮನೆಗೆ ಸುಲಿಗೆಗೆ ಕಳಿಸುತ್ತಾನೆ, ಅಡ್ಡ ಬಂದ ಮನೆಯವನೊಬ್ಬನನ್ನು ಅವರು ಕೊಲ್ಲುತ್ತಾರೆ. ಆ ಪ್ರೇರಣೆಯಿಂದ ಅಂಥ ಸಾವು ಸಂಭವನೀಯವಾಗಿದ್ದರೆ ಮಾತ್ರ ಕಳಿಸಿದವನಿಗೆ ಕೊಲೆಯ ಶಿಕ್ಷೆ. ಲಾಂಗು ತುಂಬಿದ ಗಾಡಿಯಲ್ಲಿ ಹೋದವನು ಈ ಪ್ರಶ್ನೆಯಲ್ಲಿ ಹೇಗೂ ಸಿಕ್ಕಿಬೀಳುತ್ತಾನೆ. ಬರಿಗೈಯಲ್ಲಿ, ಖಾಲಿ ಗೋದಾಮು ಎಂದು ನಂಬಿ ಹೋದವನು ಉಳಿದುಕೊಳ್ಳಬಹುದು. ಮನೆಯಲ್ಲಿ ಕೂತು ಸಂಚು ಹೂಡಿದವನಿಗೆ ಕಾನೂನು ಕೇಳುವ ಪ್ರಶ್ನೆಯನ್ನು ಬೀದಿಯಲ್ಲಿ ನಿಂತ ಕೂಲಿಯಾಳಿಗೂ ಕೇಳಬಾರದೇಕೆ?

ಹಳೆಯ ಸಂಹಿತೆಯ 397ನೇ ಕಲಂ ಇನ್ನೂ ತಮಾಷೆಯದು. ಸುಲಿಗೆಯಲ್ಲಿ ಮಾರಕಾಯುಧ ಬಳಸಿದರೆ ಕನಿಷ್ಠ ಏಳು ವರ್ಷ. ದೆಹಲಿಯ ಪೆಟ್ರೋಲ್ ಬಂಕಿನ ಸುಲಿಗೆಯೊಂದರಲ್ಲಿ, ಫೂಲ್ ಕುಮಾರ್ ಪ್ರಕರಣ ಎಂದು ಹೆಸರಾದದ್ದು, 1975ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಈ ಏಳು ವರ್ಷ ಆಯುಧ ಬಳಸಿದವನಿಗೆ ಮಾತ್ರ, ಜತೆಗಾರರಿಗಲ್ಲ ಎಂದಿತು. ಚಾಕು ತೋರಿಸಿ ಹೆದರಿಸಿದ್ದಕ್ಕೆ ಕಾನೂನು ಯಾರ ಕೈಯಲ್ಲಿ ಚಾಕು ಇತ್ತೆಂದು ನೋಡುತ್ತದೆ. ಐವರಿದ್ದು ಅದೇ ಚಾಕು ಎದೆಗಿಳಿದರೆ, ನೋಡುವುದನ್ನೇ ಬಿಡುತ್ತದೆ.