ಕಾಡಿನ ಕತ್ತಲನ್ನು ಕೆಡಿಸುವುದು ನಮ್ಮ ಕೈಯ ಟಾರ್ಚೇ

ನಕ್ಷತ್ರ ನೋಡಲೆಂದೇ ದೂರದ ಕಾಡಿಗೆ ಹೋಗಿ, ಟೆಂಟಿನ ಮುಂದೆ ಬಿಳಿ ಎಲ್‌ಇಡಿ ದೀಪ ನೇತುಹಾಕಿ ಕೂರುವವರನ್ನು ಕಂಡರೆ ಸಂಕಟವಾಗುತ್ತದೆ. ಅಷ್ಟು ದೂರ ಹೋದದ್ದೇ ಕತ್ತಲಿಗಾಗಿ ಅಲ್ಲವೇ?

ಕಣ್ಣು ಕತ್ತಲಿಗೆ ಒಗ್ಗಲು 20ರಿಂದ 30 ನಿಮಿಷ ಬೇಕು. ಪಾಪೆ ಬೇಗ ಹಿಗ್ಗುತ್ತದೆ. ತಡವಾಗುವುದು ಅಕ್ಷಿಪಟಲದಲ್ಲಿ ರೊಡಾಪ್ಸಿನ್ ಎಂಬ, ಮಂದ ಬೆಳಕನ್ನು ಹಿಡಿಯುವ ವರ್ಣದ್ರವ್ಯ ಮತ್ತೆ ತುಂಬಿಕೊಳ್ಳುವುದಕ್ಕೆ. ಒಬ್ಬರು ಮೊಬೈಲ್ ತೆರೆದರೂ ಸಾಕು, ಪಕ್ಕದಲ್ಲಿದ್ದವರ ಅರ್ಧ ಗಂಟೆಯೂ ನೀರುಪಾಲು. ಕೆಂಪು ಬೆಳಕಿಗೆ ರೊಡಾಪ್ಸಿನ್ ಹೆಚ್ಚು ಸ್ಪಂದಿಸುವುದಿಲ್ಲ. ಹಾಗಾಗಿ ಟಾರ್ಚಿಗೆ ಕೆಂಪು ಸೆಲ್ಲೋಫೇನ್ ಕಾಗದವನ್ನು ಮೂರ್ನಾಲ್ಕು ಪದರ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ. ಕೆಂಪೇ ಆದರೂ ಪ್ರಖರವಾಗಿದ್ದರೆ ಪ್ರಯೋಜನವಿಲ್ಲ, ಕಾಲಡಿಯ ನೆಲ ಕಂಡರೆ ಸಾಕು. ಕ್ಯಾಂಪ್‌ಫೈರ್ ಬೇಡವೇ ಬೇಡ: ಬೆಳಕಿನ ಜೊತೆಗೆ ಹೊಗೆಯೂ ಆಕಾಶಕ್ಕೆ ಅಡ್ಡ. ಅಡುಗೆ, ಟೆಂಟ್ ಕಟ್ಟುವ ಕೆಲಸ ಸೂರ್ಯ ಮುಳುಗುವ ಮೊದಲೇ ಮುಗಿದಿರಲಿ.

ಮೊದಲು ಗೊತ್ತುಮಾಡಬೇಕಾದ್ದು ತಿಥಿ, ಆಮೇಲೆ ಜಾಗ. ಅಮಾವಾಸ್ಯೆಗೆ ನಾಲ್ಕು ದಿನ ಮುಂಚಿನಿಂದ ಎರಡು ದಿನ ಆಚೆಯವರೆಗೆ ಒಳ್ಳೆಯದು. ಸೂರ್ಯ ದಿಗಂತಕ್ಕಿಂತ 18 ಡಿಗ್ರಿ ಕೆಳಗಿಳಿದ ಮೇಲೆಯೇ ಪೂರ್ತಿ ಕತ್ತಲು.

ಕಾಡಿನಲ್ಲಿ ಬಯಲು ಹುಡುಕುವುದೇ ಕಷ್ಟ. 20 ಮೀಟರ್ ಎತ್ತರದ ಮರ 35 ಮೀಟರ್ ದೂರದಲ್ಲಿದ್ದರೂ ಆ ದಿಕ್ಕಿನ ಆಕಾಶವನ್ನು ಸುಮಾರು 30 ಡಿಗ್ರಿವರೆಗೆ ನುಂಗುತ್ತದೆ. ಮಲಗಿ ನೋಡುವ ಚಾಪೆ ಬಯಲಿನ ನಡುವೆ ಇರಲಿ, ಟೆಂಟ್ ಮಾತ್ರ ಮರದಂಚಿನಲ್ಲಿ. ಮೇಲೆ ಕೊಂಬೆಗಳ ಮರೆಯಿದ್ದರೆ ಇಬ್ಬನಿ ಕಡಿಮೆ. ಒಣಕೊಂಬೆಯ ಕೆಳಗಂತೂ ಕಟ್ಟಬೇಡಿ. ತಗ್ಗಿನಲ್ಲಿ ತಣ್ಣನೆ ಗಾಳಿ ಬಂದು ನಿಲ್ಲುತ್ತದೆ, ನೀರಿನ ದಡದಲ್ಲಿ ಮಂಜು. ಟೆಂಟಿನ ಗಾಳಿಕಿಂಡಿ ಮುಚ್ಚಿದರೆ ನಿಮ್ಮ ಉಸಿರೇ ಟೆಂಟ್ ಬಟ್ಟೆಯ ಒಳಮೈಯಲ್ಲಿ ನೀರಾಗಿ ಬೆಳಗಾಗುವುದರೊಳಗೆ ತೊಟ್ಟಿಕ್ಕುತ್ತದೆ.

ಮೊದಲ ಸಲಕ್ಕೆ ಟೆಲಿಸ್ಕೋಪ್ ಹೊರುವುದಕ್ಕಿಂತ 10x50 ಬೈನಾಕ್ಯುಲರ್ (ಹತ್ತು ಪಟ್ಟು ಹಿಗ್ಗಿಸುವ, 50 ಮಿ.ಮೀ. ಅಗಲದ ಮುಂಗಾಜಿನದು) ಮೇಲು. ಗಾಜಿಗೆ ಇಬ್ಬನಿ ಹಿಡಿದರೆ ಬಟ್ಟೆಯಿಂದ ಉಜ್ಜಬೇಡಿ, ಮೇಲಿನ ಲೇಪ ಗೀರುತ್ತದೆ. ನೋಡದಿರುವಾಗ ಮುಚ್ಚಳ ಹಾಕಿಡಿ. ಟೆಂಟಿನೊಳಗೆ ತರುವ ಮುನ್ನ ಗಾಳಿಯಾಡದ ಚೀಲದಲ್ಲಿ ಕಟ್ಟಿಡಿ, ಇಲ್ಲದಿದ್ದರೆ ಒಳಗಿನ ತೇವ ತಣ್ಣನೆ ಗಾಜಿಗೆ ಕೂರುತ್ತದೆ.

ಮಸುಕಾದದ್ದನ್ನು ನೇರವಾಗಿ ದಿಟ್ಟಿಸಬಾರದು. ದೃಷ್ಟಿಯ ನಟ್ಟನಡುವೆ ಕತ್ತಲಲ್ಲಿ ಕೆಲಸ ಮಾಡುವ ಕೋಶಗಳೇ ಇಲ್ಲ. ಆಂಡ್ರೊಮಿಡಾ ಗೆಲಾಕ್ಸಿ ಬರಿಗಣ್ಣಿಗೆ ಸಿಗಬೇಕೆಂದರೆ ತುಸು ಪಕ್ಕಕ್ಕೆ ನೋಡಿ. ಸುಮಾರು 25 ಲಕ್ಷ ವರ್ಷ ನಡೆದು ಬಂದ ಬೆಳಕು ಕಣ್ಣಂಚಿನಲ್ಲಿ ಉದ್ದನೆಯ ಮಬ್ಬಾಗಿ ಕಾಣುತ್ತದೆ.